ಅಡುಗೆಮನೆಯ ಚಾಕುಗಳಿಗೆ ಯಾವ ಸಾಣೆ ಯಂತ್ರ?

ಪ್ರಶ್ನೆ: ನಾವು ಶಿವಮೊಗ್ಗದಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತೇವೆ. ನಮ್ಮಲ್ಲಿ ಜರ್ಮನ್ ಮಾದರಿಯ ಆರು ಸ್ಟೇನ್‌ಲೆಸ್ ಚಾಕುಗಳು, ಮಾಮೂಲಿ ಅಂಗಡಿಯ ಮೂರು ಚಾಕುಗಳು, ಅಮೆರಿಕದಲ್ಲಿರುವ ಮಗ ಕೊಟ್ಟ ಒಂದು ಜಪಾನಿ ಚಾಕು ಮತ್ತು ಎರಡು ಈಳಿಗೆಮಣೆಗಳಿವೆ. ಸೈಕಲ್ ಮೇಲೆ ಬರುತ್ತಿದ್ದ ಸಾಣೆಯವರು ಬರುವುದನ್ನು ನಿಲ್ಲಿಸಿ ಕೆಲವು ವರ್ಷಗಳಾದವು. ಕರೆಂಟಿನಲ್ಲಿ ನಡೆಯುವ ಒಂದು ಯಂತ್ರವನ್ನು ಕೊಳ್ಳೋಣವೆಂದರೆ, ಸ್ಲಾಟಿನಲ್ಲಿ ಎಳೆಯುವ ಚೆಫ್ಸ್ ಚಾಯ್ಸ್, ಬೆಲ್ಟಿನ ವರ್ಕ್ ಶಾರ್ಪ್, ನೀರಿನ ಚಕ್ರದ ಟಾರ್ಮೆಕ್ ಎಂದು ಮಗ ಮೂರು ಹೆಸರು ಹೇಳುತ್ತಾನೆ, ಬರುವಾಗ ತರುತ್ತೇನೆ ಎನ್ನುತ್ತಾನೆ. ಇಲ್ಲಿನ ಹಾರ್ಡ್‌ವೇರ್ ಅಂಗಡಿಯವರು ಬೆಂಚ್ ಗ್ರೈಂಡರ್ ಸಾಕು ಎನ್ನುತ್ತಾರೆ. ಯಾವುದನ್ನು ಕೊಳ್ಳುವುದು?

ಉತ್ತರ: ನಿಮ್ಮ ಪ್ರಶ್ನೆಗೆ ನೇರವಾದ ಉತ್ತರವನ್ನು ಮೊದಲೇ ಹೇಳಿ, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ನಿಮ್ಮ ಕೆಲಸಕ್ಕೆ ಸರಿಹೊಂದುವುದು ಕೋನವನ್ನು, ಅಂದರೆ ಅಲಗು ಸಾಣೆಗೆ ತಾಗುವ ಓರೆಯನ್ನು, ಹಿಡಿದುಕೊಡುವ ಆಸರೆಯಿರುವ, ವೇಗವನ್ನು ತಗ್ಗಿಸಲು ಬರುವ ಸಣ್ಣ ಬೆಲ್ಟ್ ಯಂತ್ರ. ಬೆಂಚ್ ಗ್ರೈಂಡರನ್ನು ಚಾಕುಗಳ ಹತ್ತಿರಕ್ಕೂ ತರಬೇಡಿ. ಜಪಾನಿ ಚಾಕುವನ್ನು ಸದ್ಯಕ್ಕೆ ಯಾವ ಯಂತ್ರಕ್ಕೂ ಕೊಡಬೇಡಿ. ನೀವು ಒಂದೇ ಕಡೆ ನೆಲೆನಿಂತ ಹೋಟೆಲ್ ನಡೆಸುವವರಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು; ಅದನ್ನೂ ಮುಂದೆ ಹೇಳುತ್ತೇನೆ.

ಯಂತ್ರಕ್ಕೆ ಹಣ ಕೊಡುವ ಮೊದಲು ಒಂದು ಸಂಗತಿಯನ್ನು ಪರೀಕ್ಷಿಸಿಕೊಳ್ಳಿ. ಚಾಕು ಮೊಂಡಾಗುವುದಕ್ಕೆ ಎರಡು ಬಗೆಗಳಿವೆ. ಒಂದರಲ್ಲಿ ಅಲಗಿನ ಬಾಯಿ ಸವೆದಿರುವುದಿಲ್ಲ, ಒಂದು ಪಕ್ಕಕ್ಕೆ ಮಡಚಿಕೊಂಡಿರುತ್ತದೆ ಅಷ್ಟೆ. ಜರ್ಮನ್ ಮಾದರಿಯ ಚಾಕುಗಳ ಉಕ್ಕು ರಾಕ್‌ವೆಲ್ ಅಳತೆಯಲ್ಲಿ ಸಾಮಾನ್ಯವಾಗಿ 56ರಿಂದ 58ರಷ್ಟು ಗಡಸಾಗಿರುವುದರಿಂದ, ಅಂದರೆ ಹೋಲಿಕೆಯಲ್ಲಿ ಮೆದುವಾಗಿರುವುದರಿಂದ, ಅವುಗಳಲ್ಲಿ ಈ ಮಡಚಿಕೆ ಬೇಗ ಆಗುತ್ತದೆ. ಇದಕ್ಕೆ ಸಾಣೆಯೇ ಬೇಕಿಲ್ಲ, ಕಟುಕರು ಸೊಂಟಕ್ಕೆ ಕಟ್ಟಿಕೊಳ್ಳುವಂಥ ಉಕ್ಕಿನ ಸಲಾಕೆಯ ಮೇಲೆ ಎರಡೂ ಮಗ್ಗುಲಿಗೆ ನಾಲ್ಕೈದು ಸಲ ಹಗುರವಾಗಿ ಎಳೆದರೆ ಬಾಯಿ ನೆಟ್ಟಗಾಗುತ್ತದೆ. ಇನ್ನೊಂದು ಬಗೆಯಲ್ಲಿ ಬಾಯಿ ನಿಜವಾಗಿಯೇ ಸವೆದು ದುಂಡಗಾಗಿರುತ್ತದೆ. ದೀಪದ ಕೆಳಗೆ ಚಾಕುವನ್ನು ಬಾಯಿ ಮೇಲಾಗಿ ಹಿಡಿದು ನೋಡಿದರೆ ಹರಿತವಾದ ಬಾಯಿ ಕಣ್ಣಿಗೆ ಕಾಣುವುದಿಲ್ಲ, ಸವೆದ ಬಾಯಿ ಮಾತ್ರ ಬಿಳಿಯ ದಾರದ ಹಾಗೆ ಬೆಳಕನ್ನು ಹಿಂದಕ್ಕೆ ಕೊಡುತ್ತದೆ. ಆ ಬಿಳಿ ಗೆರೆ ಕಂಡಾಗ ಮಾತ್ರ ಉಕ್ಕನ್ನು ತೇಯಬೇಕು. ಸಲಾಕೆಯಿಂದ ಮುಗಿಯುವ ಕೆಲಸಕ್ಕೆ ಪ್ರತಿಸಲವೂ ಯಂತ್ರವನ್ನು ಓಡಿಸಿ, ಹತ್ತು ವರ್ಷ ಬಾಳಬೇಕಾದ ಚಾಕುವನ್ನು ಎರಡು ವರ್ಷಕ್ಕೆ ಸವೆಸಿ ಮುಗಿಸಿದವರನ್ನು ನಾನು ಬಹಳ ಕಂಡಿದ್ದೇನೆ.

ಇದರ ಜೊತೆಗೆ ನಿಮ್ಮ ಆಳುಗಳು ಯಾವುದರ ಮೇಲೆ ಹೆಚ್ಚುತ್ತಾರೆ ಎಂಬುದನ್ನೂ ನೋಡಿ. ಕಲ್ಯಾಣ ಮಂಟಪಗಳ ಅಡುಗೆಮನೆಯಲ್ಲಿ ಮಣೆ ಸಿಗದಿದ್ದಾಗ ಗ್ರಾನೈಟ್ ಕಟ್ಟೆಯ ಮೇಲೆಯೋ ಸ್ಟೀಲ್ ತಟ್ಟೆಯ ಮೇಲೆಯೋ ಈರುಳ್ಳಿ ಹೆಚ್ಚುವುದು ಮಾಮೂಲು. ಕಲ್ಲಿಗೆ ತಾಗಿದ ಬಾಯಿ ಎಂಥ ಯಂತ್ರದಿಂದ ಬಂದಿದ್ದರೂ ಅರ್ಧ ದಿನಕ್ಕೆ ಹೋಗುತ್ತದೆ. ನಾಲ್ಕು ಒಳ್ಳೆಯ ಮರದ ಮಣೆಗಳನ್ನು ಚಾಕುಗಳ ಜೊತೆಗೇ ಒಯ್ಯುವ ಪದ್ಧತಿ ಇಟ್ಟುಕೊಳ್ಳಿ; ಸಾಣೆಯ ಕೆಲಸದಲ್ಲಿ ಅರ್ಧ ಕಡಿಮೆಯಾಗುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಈಗ ಬೆಂಚ್ ಗ್ರೈಂಡರಿನ ವಿಷಯ. ಅಂಗಡಿಯವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಗುದ್ದಲಿಗೆ, ಉಳಿಗೆ, ಡ್ರಿಲ್ ಬಿಟ್ಟಿಗೆ ಅದು ಸರಿಯಾದ ಯಂತ್ರವೇ. ಚಾಕುವಿಗೆ ಅದು ಯಾಕೆ ಆಗದು ಎಂಬುದು ವೇಗದ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸಾಮಾನ್ಯ ಬೆಂಚ್ ಗ್ರೈಂಡರಿನ ಮೋಟಾರು ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುತ್ತದೆ. ಅದರ 150 ಮಿಲಿಮೀಟರ್ ಚಕ್ರದ ಹೊರಮೈ ಆಗ ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಟಾರ್ಮೆಕ್ ಟಿ-8 ಯಂತ್ರದ ಚಕ್ರ 250 ಮಿಲಿಮೀಟರಿನದು, ನಿಮಿಷಕ್ಕೆ 90 ಸುತ್ತು. ಅದರ ಹೊರಮೈ ಓಡುವುದು ಸೆಕೆಂಡಿಗೆ 1.2 ಮೀಟರಿನಷ್ಟು ಮಾತ್ರ, ಅದೂ ನೀರಿನಲ್ಲಿ ಅದ್ದಿಕೊಂಡು. ಹೆಚ್ಚುಕಡಿಮೆ ಹದಿನೆಂಟು ಪಟ್ಟು ವ್ಯತ್ಯಾಸವಿದೆ. ಬಿಸಿಯನ್ನು ಹೀರಿಕೊಳ್ಳುವುದಕ್ಕೆ ಗುದ್ದಲಿಯಲ್ಲಿ ದಪ್ಪ ಕಬ್ಬಿಣವಿರುತ್ತದೆ. ಚಾಕುವಿನ ಬಾಯಿಯ ಕೊನೆಯಲ್ಲಿ ಉಕ್ಕು ಕೂದಲಿಗಿಂತ ಎಷ್ಟೋ ತೆಳುವಾಗಿರುವುದರಿಂದ ಹುಟ್ಟಿದ ಬಿಸಿ ಅಲ್ಲಿಯೇ ನಿಲ್ಲುತ್ತದೆ, ಉಕ್ಕಿನ ಹದ ಹೋಗುತ್ತದೆ.

ಹದ ಹೋಗುವುದು ಎಂದರೇನು ಎಂಬುದನ್ನು ನಾನು ಓದಿ ಕಲಿಯಲಿಲ್ಲ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ನಮ್ಮ ತಾಯಿ ತೆಂಗಿನಕಾಯಿ ಚೂರು ಮಾಡಲು ಬಳಸುತ್ತಿದ್ದ ಹಳೆಯ ಕಾರ್ಬನ್ ಉಕ್ಕಿನ ಚೂರಿಯನ್ನು ಪರಿಚಿತರೊಬ್ಬರ ಗ್ರೈಂಡರಿಗೆ ಹಿಡಿದೆ. ಎರಡನೆಯ ಎಳೆತಕ್ಕೆ ತುದಿಯಲ್ಲಿ ಒಣಹುಲ್ಲಿನ ಬಣ್ಣ ಬಂತು, ನೋಡುತ್ತಿದ್ದಂತೆ ಅದು ಕಂದಾಗಿ, ನೇರಳೆಯಾಗಿ, ನವಿಲಿನ ಕತ್ತಿನಂತೆ ನೀಲಿಯಾಗಿ ಹರಡಿತು. ಚೆಂದ ಕಂಡಿತೆಂದು ನಾನು ಇನ್ನೊಮ್ಮೆ ಎಳೆದೆ. ಮನೆಗೆ ತಂದ ದಿನ ಚೂರಿ ಕಾಗದವನ್ನು ಸೀಳಿತು. ಎಂಟನೆಯ ದಿನ ಕಾಯಿ ಚೂರು ಮಾಡುವಾಗ ತುದಿ ತವರದ ಹಾಗೆ ಬಗ್ಗಿತು. ಕಾರ್ಬನ್ ಉಕ್ಕಿನಲ್ಲಿ ಆ ನೀಲಿ ಬಣ್ಣ ಬರುವುದು 300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಅಡುಗೆ ಚಾಕುಗಳ ಉಕ್ಕಿಗೆ ಹದ ಹಾಕುವುದು, ಅಂದರೆ ಗಡಸು ಮಾಡಿದ ಉಕ್ಕನ್ನು ಮತ್ತೆ ಮಿತವಾಗಿ ಕಾಯಿಸುವುದು, ಬಹುಮಟ್ಟಿಗೆ 150ರಿಂದ 200 ಡಿಗ್ರಿಯಲ್ಲಿ; ಅದನ್ನು ಮೀರಿ ಕಾದರೆ ಉಕ್ಕು ಮೆದುವಾಗುತ್ತದೆ. ಎಂದರೆ ಬಣ್ಣ ಕಣ್ಣಿಗೆ ಕಾಣುವ ಹೊತ್ತಿಗೆ ಗಡಸುತನ ಆಗಲೇ ಹೋಗಿರುತ್ತದೆ. ಸ್ಟೇನ್‌ಲೆಸ್‌ನಲ್ಲಿ ಬಣ್ಣ ಇನ್ನೂ ತಡವಾಗಿ ಬರುವುದರಿಂದ ಎಚ್ಚರಿಕೆಯೂ ಸಿಗುವುದಿಲ್ಲ. ಆಗಾಗ ನೀರಿನಲ್ಲಿ ಅದ್ದಿದರಾಯಿತು ಎನ್ನುವವರಿದ್ದಾರೆ. ಚಕ್ರಕ್ಕೆ ತಾಗಿದ ಆ ಕ್ಷಣದಲ್ಲಿಯೇ ಬಾಯಿ ಕಾಯುತ್ತದೆ. ಆಮೇಲೆ ಅದ್ದುವುದರಿಂದ ಕೈಗೆ ತಂಪಾಗುತ್ತದೆಯೇ ಹೊರತು ಹೋದ ಹದ ಮರಳುವುದಿಲ್ಲ.

ನೀವು ನೆನೆಸಿಕೊಂಡ ಸೈಕಲ್ ಸಾಣೆಯವರ ಚಕ್ರ ಪೆಡಲಿನಿಂದ ತಿರುಗುತ್ತಿತ್ತು, ಆದ್ದರಿಂದ ವೇಗ ಅವರ ಕಾಲಿನ ಹತೋಟಿಯಲ್ಲಿರುತ್ತಿತ್ತು. ಕಿಡಿ ಹೆಚ್ಚಾದರೆ ಕಾಲು ತಾನೇ ನಿಧಾನವಾಗುತ್ತಿತ್ತು. ಅವರಲ್ಲಿ ಒಳ್ಳೆಯ ಕೈಯವರ ಕೆಲಸವನ್ನು ಈಗಿನ ಎಷ್ಟೋ ಯಂತ್ರಗಳು ಸರಿಗಟ್ಟಲಾರವು. ಆದರೆ ಒಣ ಸಾಣೆಯ ಧೂಳು ಮಾತ್ರ ಅವರಿಗೆ ಒಳ್ಳೆಯದನ್ನು ಮಾಡಲಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 19ನೇ ಶತಮಾನದಲ್ಲಿ ಮರಳುಗಲ್ಲಿನ ಚಕ್ರದ ಮೇಲೆ ಒಣದಾಗಿ ಫೋರ್ಕುಗಳನ್ನು ತೇಯುತ್ತಿದ್ದ ಕೆಲಸಗಾರರು ಶ್ವಾಸಕೋಶ ಕೆಟ್ಟು ಎಳೆಯ ವಯಸ್ಸಿಗೇ ಸಾಯುತ್ತಿದ್ದರು. ನೀವು ಯಾವ ಒಣ ಯಂತ್ರವನ್ನು ಕೊಂಡರೂ ಅಡುಗೆಯ ಜಾಗದಿಂದ ದೂರ, ಗಾಳಿಯಾಡುವ ಕಡೆ, ಮೂಗಿಗೆ ಮಾಸ್ಕ್ ಮತ್ತು ಕಣ್ಣಿಗೆ ಕನ್ನಡಕ ಹಾಕಿಕೊಂಡು ಕೆಲಸ ಮಾಡಿ, ಆಮೇಲೆ ಚಾಕುವನ್ನು ತೊಳೆದು ಒರೆಸಿಯೇ ಒಳಗೆ ಕಳಿಸಿ. ಉಕ್ಕಿನ ಪುಡಿ ಊಟದಲ್ಲಿ ಸೇರಬಾರದು.

ಸ್ಲಾಟಿನ ಯಂತ್ರಗಳಲ್ಲಿ ಚೆಫ್ಸ್ ಚಾಯ್ಸ್ ಹೆಸರಾದದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಎಡ್ಜ್‌ಕ್ರಾಫ್ಟ್ ಕಂಪನಿ 1980ರ ದಶಕದ ನಡುವಿನಿಂದ ಇವುಗಳನ್ನು ಮಾಡುತ್ತಿದೆ. ಇದರ ಟ್ರೈಜರ್ ಎಕ್ಸ್‌ವಿ ಮಾದರಿಯಲ್ಲಿ ಮೂರು ಹಂತಗಳಿವೆ: ಮೊದಲೆರಡರಲ್ಲಿ ವಜ್ರದ ಪುಡಿ ಹಚ್ಚಿದ ಬಿಲ್ಲೆಗಳು ತೇಯುತ್ತವೆ, ಮೂರನೆಯದರಲ್ಲಿ ಬಾಗುವ ಗುಣದ ಬಿಲ್ಲೆಗಳು ಬಾಯಿಯನ್ನು ನಯ ಮಾಡುತ್ತವೆ. ಒಳಗಿನ ಸ್ಪ್ರಿಂಗ್ ಅಲಗನ್ನು ಒತ್ತಿ ಹಿಡಿಯುವುದರಿಂದ ಕೋನ ತಪ್ಪುವುದಿಲ್ಲ. ಮೊದಲು ಒಂದೊಂದು ಮಗ್ಗುಲಿಗೆ 20 ಡಿಗ್ರಿಯಿದ್ದ ಚಾಕುವನ್ನು ಅದು 15 ಡಿಗ್ರಿಗೆ ಇಳಿಸುತ್ತದೆ. ಕೆಲಸಕ್ಕೆ ಇಂದು ಬಂದ ಹುಡುಗನೂ ಹತ್ತು ನಿಮಿಷದಲ್ಲಿ ಕಲಿಯಬಹುದು ಎಂಬುದು ಇದರ ದೊಡ್ಡ ಗುಣ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ದಿನವೂ ಕೈ ಬದಲಾಗುವ ಅಡುಗೆಮನೆಯಲ್ಲಿ ತಪ್ಪಿಲ್ಲದ ಕೋನವೇ ಒಂದು ದೊಡ್ಡ ಉಪಕಾರ.

ಹಾಗಿದ್ದರೂ ನಿಮಗೆ ನಾನು ಅದನ್ನು ಹೇಳದಿರುವುದಕ್ಕೆ ಕಾರಣಗಳಿವೆ. ನಿಮ್ಮ ಜರ್ಮನ್ ಮಾದರಿಯ ಚಾಕುಗಳಲ್ಲಿ ಹಿಡಿ ಮತ್ತು ಅಲಗು ಕೂಡುವ ಕಡೆ ದಪ್ಪ ಉಕ್ಕಿನ ಗಂಟು, ಬೋಲ್‌ಸ್ಟರ್ ಎನ್ನುತ್ತಾರೆ, ಬಾಯಿಯವರೆಗೂ ಇಳಿದು ಬಂದಿದೆಯೇ ನೋಡಿ. ಬಂದಿದ್ದರೆ ಆ ಗಂಟು ಸ್ಲಾಟಿಗೆ ಹೋಗದೆ, ಅದರ ಪಕ್ಕದ ಒಂದು ಬೆರಳಿನಷ್ಟು ಜಾಗ ತೇಯದೆ ಉಳಿಯುತ್ತದೆ. ಮುಂದಿನ ಭಾಗ ಸವೆಯುತ್ತಾ ಹೋಗಿ, ವರ್ಷ ಕಳೆಯುವಷ್ಟರಲ್ಲಿ ಬಾಯಿ ಮಣೆಗೆ ಪೂರ್ತಿ ತಾಗದೆ ನಡುವೆ ಸಣ್ಣ ಕಮಾನು ಏಳುತ್ತದೆ. ಬೀನ್ಸನ್ನೋ ಕೊತ್ತಂಬರಿಯನ್ನೋ ಹೆಚ್ಚಿದಾಗ ತುಂಡುಗಳು ಬೇರೆಯಾಗದೆ ಕೆಳಗೆ ಸಿಪ್ಪೆಯ ಎಳೆಯಿಂದ ಸರದ ಹಾಗೆ ಜೋತುಬಿದ್ದರೆ ಇದೇ ಕಾರಣವೆಂದು ತಿಳಿಯಿರಿ. ಎರಡನೆಯದಾಗಿ, ಎಳೆಯುವ ಕೈ ಅರೆಕ್ಷಣ ನಿಂತರೂ ಬಿಲ್ಲೆ ಅಲ್ಲಿಯೇ ಕಚ್ಚು ಮಾಡುತ್ತದೆ. ಮೂರನೆಯದು ಉಕ್ಕಿನ ನಷ್ಟ: ಮೊದಲ ಹಂತವನ್ನು ಅಪರೂಪಕ್ಕೆ ಮಾತ್ರ ಬಳಸಿ, ಎರಡು ಮತ್ತು ಮೂರರಲ್ಲಿಯೇ ಮುಗಿಸಬೇಕೆಂಬ ನಿಯಮವನ್ನು ಗಡಿಬಿಡಿಯ ಅಡುಗೆಮನೆಯಲ್ಲಿ ಯಾರೂ ಪಾಲಿಸುವುದಿಲ್ಲ. ಕೊನೆಯದಾಗಿ, ಮಣೆಗೆ ಕಚ್ಚಿಕೊಂಡಿರುವ ಈಳಿಗೆಯ ಅಲಗನ್ನು ಆ ಸ್ಲಾಟಿನೊಳಗೆ ಎಳೆಯುವ ದಾರಿಯೇ ಇಲ್ಲ.

ಬೆಲ್ಟ್ ಯಂತ್ರವೆಂದರೆ ಎರಡು ಮೂರು ಸಣ್ಣ ರಾಟೆಗಳ ಮೇಲೆ ಓಡುವ ಮರಳುಕಾಗದದ ಪಟ್ಟಿ. ಅಮೆರಿಕದ ಆರೆಗಾನ್ ರಾಜ್ಯದ ವರ್ಕ್ ಶಾರ್ಪ್ ಕಂಪನಿಯು ಚಾಕು ವಿನ್ಯಾಸಕಾರ ಕೆನ್ ಆನಿಯನ್ ಅವರ ಹೆಸರಿನಲ್ಲಿ ಮಾಡುವ ಮಾದರಿಯಲ್ಲಿ ಮುಕ್ಕಾಲು ಇಂಚು ಅಗಲದ ಬೆಲ್ಟುಗಳಿವೆ, ಕೋನವನ್ನು 15ರಿಂದ 30 ಡಿಗ್ರಿಯವರೆಗೆ ತಿರುಗಿಸಿ ಇಡಬಹುದು, ಗುಂಡಿಯನ್ನು ಒತ್ತುವ ಬಲದಿಂದ ಮತ್ತು ಒಂದು ತಿರುಪಿನಿಂದ ವೇಗವನ್ನು ಹಿಡಿತದಲ್ಲಿಡಬಹುದು. ಬೆಲ್ಟುಗಳು ಒರಟಿನಿಂದ ನಯದವರೆಗೆ ಬರುತ್ತವೆ. ಬಾಯಿ ಮುರಿದ ಚಾಕುವಿಗೆ ಒರಟು, ಮಾಮೂಲಿ ಸಾಣೆಗೆ ನಡುವಿನದು, ಕೊನೆಗೆ ನಯದ್ದು. ಇದರ ಪಟ್ಟಿ ಒತ್ತಿದಾಗ ತುಸು ಒಳಕ್ಕೆ ಹೋಗುವುದರಿಂದ ಬಾಯಿಯ ಇಳಿಜಾರು ಚಪ್ಪಟೆಯಾಗದೆ ಬಾದಾಮಿಯ ಬೆನ್ನಿನಂತೆ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬು ಬಾಯಿಗೆ ಬಲ ಕೊಡುತ್ತದೆ. ಬೂದುಗುಂಬಳ, ಸುವರ್ಣಗಡ್ಡೆ, ಹಲಸಿನಕಾಯಿಗಳನ್ನು ದಿನವೂ ಒಡೆಯುವ ನಿಮ್ಮಂಥವರ ಚಾಕುವಿಗೆ ಇಂಥ ಬಾಯಿಯೇ ಹೆಚ್ಚು ದಿನ ನಿಲ್ಲುತ್ತದೆ.

ಇದರ ದೋಷಗಳನ್ನೂ ಮುಚ್ಚಿಡುವುದಿಲ್ಲ. ಅತಿ ಕಡಿಮೆ ವೇಗದಲ್ಲಿಟ್ಟರೂ ಇದರ ಬೆಲ್ಟ್ ಸೆಕೆಂಡಿಗೆ ಸುಮಾರು 6 ಮೀಟರ್ ಓಡುತ್ತದೆ, ಎಂದರೆ ನೀರಿನ ಚಕ್ರದ ಐದು ಪಟ್ಟು. ಆದ್ದರಿಂದ ವೇಗವನ್ನು ಕನಿಷ್ಠಕ್ಕಿಂತ ಮೇಲೆ ಏರಿಸಬೇಡಿ, ಹೊಸ ಬೆಲ್ಟನ್ನೇ ಬಳಸಿ, ಒತ್ತಬೇಡಿ. ಸವೆದ ಬೆಲ್ಟ್ ತೇಯುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತದೆ, ಉಜ್ಜಿದಷ್ಟೂ ಕಾಯುತ್ತದೆ. ಬೆಲ್ಟಿನಲ್ಲಿ ಉಳಿಸಿದ ಹಣ ಚಾಕುವಿನಲ್ಲಿ ಹೋಗುತ್ತದೆ. ಎಳೆದ ಕೂಡಲೇ ಬಾಯಿಯ ಪಕ್ಕವನ್ನು ಬೆರಳಿನಿಂದ ಮುಟ್ಟಿ ನೋಡಿ, ಬೆಚ್ಚಗೆ ಅನ್ನಿಸಿದರೆ ಅರ್ಧ ನಿಮಿಷ ಬಿಡಿ. ಇನ್ನೊಂದು ತೊಂದರೆ ತುದಿಯದು: ಚಾಕುವನ್ನು ಪೂರ್ತಿ ಹೊರಗೆಳೆದರೆ ಮೆದುವಾದ ಬೆಲ್ಟ್ ಮೊನೆಯನ್ನು ಸುತ್ತಿಕೊಂಡು ದುಂಡಗೆ ಮಾಡಿಬಿಡುತ್ತದೆ. ಮೊನೆ ಬೆಲ್ಟಿನ ಅಗಲದ ನಡುವಿಗೆ ಬಂದಾಗ ಎಳೆಯುವುದನ್ನು ನಿಲ್ಲಿಸಿ ಗುಂಡಿಯನ್ನು ಬಿಡಬೇಕು. ಇದು ಕೈಗೆ ಹತ್ತುವವರೆಗೆ ಅಂಗಡಿಯ ಮಾಮೂಲಿ ಚಾಕುಗಳ ಮೇಲೆ ಕಲಿಯಿರಿ.

ಟಾರ್ಮೆಕ್ ಬಗ್ಗೆ ನನಗೆ ಇರುವ ಗೌರವವನ್ನು ಬಚ್ಚಿಡಲಾರೆ. ಸ್ವೀಡನ್ನಿನಲ್ಲಿ ಟಾರ್ಗ್ನಿ ಯಾನ್ಸನ್ ಅವರು 1973ರಲ್ಲಿ ಆರಂಭಿಸಿದ ಈ ಕಂಪನಿಯ ಯಂತ್ರಗಳಲ್ಲಿ ಒಂದು ಪಕ್ಕಕ್ಕೆ ನೀರಿನ ತೊಟ್ಟಿಯಲ್ಲಿ ಅದ್ದಿ ತಿರುಗುವ ಸಾಣೆಚಕ್ರ, ಇನ್ನೊಂದು ಪಕ್ಕಕ್ಕೆ ತೊಗಲಿನ ಚಕ್ರ. ಚಾಕುವನ್ನು ಒಂದು ಹಿಡಿಕೆಗೆ ಕಚ್ಚಿಸಿ ಕಂಬಿಯ ಮೇಲೆ ಆನಿಸಿ ಹಿಡಿದರೆ ನಿಮಗೆ ಬೇಕಾದ ಕೋನ ಹಿಡಿಯಿಂದ ಮೊನೆಯವರೆಗೆ ಒಂದೇ ಸಮನಾಗಿ ಬರುತ್ತದೆ. ಬಿಸಿಯ ಮಾತೇ ಇಲ್ಲ; ಕಿಡಿಯಿಲ್ಲ; ಧೂಳು ನೀರಿನಲ್ಲಿ ಕೂರುತ್ತದೆ. ಒಂದೇ ಚಕ್ರವನ್ನು 220ರ ಒರಟಿನಿಂದ 1000ದ ನಯಕ್ಕೆ (ಸಾಣೆಯಲ್ಲಿ ಈ ಸಂಖ್ಯೆ ಹೆಚ್ಚಿದಷ್ಟೂ ಮೈ ನಯ) ತರುವ ಕಲ್ಲೂ ಜೊತೆಗೆ ಬರುತ್ತದೆ. ಚಾಕುಗಳ ಉಕ್ಕಿಗೆ ಇದಕ್ಕಿಂತ ದಯೆ ತೋರುವ ಯಂತ್ರವನ್ನು ನಾನು ಬಳಸಿಲ್ಲ. ಆದರೆ ದೊಡ್ಡ ಮಾದರಿ 15 ಕಿಲೋದ ಹತ್ತಿರ ತೂಗುತ್ತದೆ, ಮೂರರಲ್ಲಿ ಇದರ ಬೆಲೆಯೇ ಹೆಚ್ಚು, ಪ್ರತಿಸಲ ನೀರು ತುಂಬಿ, ಆಮೇಲೆ ಕೆಸರು ಚೆಲ್ಲಿ ತೊಳೆಯಬೇಕು. ಇಂದು ಸಾಗರ, ನಾಳೆ ತೀರ್ಥಹಳ್ಳಿ ಎಂದು ಪಾತ್ರೆಗಳ ಜೊತೆ ಓಡಾಡುವ ನಿಮಗೆ ಇದು ಹೊರೆಯಾಗುತ್ತದೆ. ಒಂದೇ ಕಡೆ ಇರುವ ಹೋಟೆಲಿನವರಿಗೆ, ಅದರಲ್ಲೂ ಸಾಣೆಯ ಹೊಣೆಯನ್ನು ಒಬ್ಬರೇ ಹೊತ್ತಿರುವ ಕಡೆ, ನಾನು ಹೇಳುವುದು ಇದನ್ನೇ. ಅಡುಗೆ ಚಾಕುಗಳಿಗೆಂದೇ ಮಾಡಿದ ಟಿ-1 ಎಂಬ ಸಣ್ಣ ಮಾದರಿಯೂ ಇದೆ. ಅದಕ್ಕೆ ನೀರು ಬೇಡ, ವಜ್ರದ ಚಕ್ರ ನಿಮಿಷಕ್ಕೆ 120 ಸುತ್ತಿನಂತೆ ನಿಧಾನವಾಗಿ ತಿರುಗುವುದರಿಂದ ಒಣದಾಗಿದ್ದರೂ ಕಾಯುವುದಿಲ್ಲ. ಮನೆಬಳಕೆಗೆ ಅದು ಚೆನ್ನಾಗಿದೆ. ಈಳಿಗೆಗೆ ಅದೂ ಆಗುವುದಿಲ್ಲ.

ಯಂತ್ರ ಯಾವುದಾದರೂ ಆಗಲಿ, ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಮಗ್ಗುಲನ್ನು ತೇಯುತ್ತಾ ಇಳಿಜಾರು ಬಾಯಿಯ ಕೊನೆಯನ್ನು ಮುಟ್ಟಿದಾಗ, ಅಲ್ಲಿಯ ತೆಳು ಉಕ್ಕು ಎದ್ದು ಇನ್ನೊಂದು ಮಗ್ಗುಲಿಗೆ ಮಡಚಿಕೊಳ್ಳುತ್ತದೆ. ಸಾಣೆಯವರು ಇದನ್ನು ಬರ್ ಎನ್ನುತ್ತಾರೆ. ಹೆಬ್ಬೆರಳನ್ನು ಚಾಕುವಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ, ಅಡ್ಡಲಾಗಿ, ಹೊರಕ್ಕೆ ಜಾರಿಸಿದರೆ ಬೆರಳಿನ ಗೆರೆಗಳಿಗೆ ಏನೋ ಸಣ್ಣಗೆ ತೊಡರಿದಂತಾಗುತ್ತದೆ. ಬಾಯಿಯ ಉದ್ದಕ್ಕೆ ಎಂದೂ ಬೆರಳು ಓಡಿಸಬೇಡಿ. ಆ ತೊಡರು ಹಿಡಿಯಿಂದ ಮೊನೆಯವರೆಗೆ ಒಂದೇ ಸಮನಾಗಿ ಸಿಕ್ಕರೆ ಆ ಮಗ್ಗುಲು ಮುಗಿಯಿತು, ಇನ್ನೊಂದಕ್ಕೆ ಹೋಗಬಹುದು. ನಡುವೆ ಎಲ್ಲಿಯೋ ತೊಡರು ಇಲ್ಲದಿದ್ದರೆ ಅಲ್ಲಿಯ ಬಾಯಿ ಇನ್ನೂ ಮೊಂಡಾಗಿಯೇ ಇದೆ ಎಂದರ್ಥ. ಎಷ್ಟು ಸಲ ಎಳೆಯಬೇಕು ಎಂಬ ಲೆಕ್ಕವನ್ನು ಪುಸ್ತಿಕೆಯಿಂದ ತೆಗೆದುಕೊಳ್ಳುವುದಕ್ಕಿಂತ ಈ ತೊಡರನ್ನು ನಂಬಿ.

ಬರ್ ಬಂದ ಮೇಲೆ ಅದನ್ನು ತೆಗೆಯಬೇಕು, ಬಹುತೇಕರು ಬಿಟ್ಟುಬಿಡುವುದು ಇದನ್ನೇ. ಬರ್ ಇರುವ ಚಾಕು ಕಾಗದವನ್ನು ಚೆನ್ನಾಗಿಯೇ ಕತ್ತರಿಸುತ್ತದೆ, ಕೊಂಡವರು ಮೆಚ್ಚುತ್ತಾರೆ, ನೂರು ಟೊಮೆಟೊ ಹೆಚ್ಚುವಷ್ಟರಲ್ಲಿ ಆ ಎಳೆ ಮುರಿದೋ ಮಡಚಿಯೋ ಚಾಕು ಮತ್ತೆ ಮೊಂಡಾಗುತ್ತದೆ, ಯಂತ್ರ ಸರಿಯಿಲ್ಲವೆಂದು ಬೈಯುತ್ತಾರೆ. ನಯದ ಬೆಲ್ಟಿನ ಮೇಲೆ ಒತ್ತಡವನ್ನು ತೀರ ಕಡಿಮೆ ಮಾಡುತ್ತಾ, ಒಂದು ಸಲ ಬಲ, ಒಂದು ಸಲ ಎಡ ಎಂದು ಬದಲಿಸಿ ಏಳೆಂಟು ಸಲ ಎಳೆದು, ಆಮೇಲೆ ಕ್ಷೌರದಂಗಡಿಯಲ್ಲಿ ಕತ್ತಿ ಮಸೆಯುತ್ತಿದ್ದಂಥ ತೊಗಲು ಪಟ್ಟಿಯ ಮೇಲೆ ಬಾಯಿಯನ್ನು ಹಿಂದೆ ಬಿಟ್ಟು ಬೆನ್ನು ಮುಂದಾಗಿ ಹತ್ತು ಸಲ ಎಳೆಯಿರಿ. ಬಾಯಿ ಮುಂದಾಗಿ ಎಳೆದರೆ ತೊಗಲು ಕತ್ತರಿಸಿಹೋಗುತ್ತದೆ. ತಿರುಗುವ ತೊಗಲಿನ ಚಕ್ರದಲ್ಲಾದರೆ ಚಾಕು ಕೈಯಿಂದ ಹಾರುತ್ತದೆ, ಅಲ್ಲಿ ಚಕ್ರ ಬಾಯಿಯಿಂದ ದೂರಕ್ಕೆ ಓಡುವಂತೆಯೇ ಹಿಡಿಯಬೇಕು. ಪರೀಕ್ಷೆಗೆ ಚೆನ್ನಾಗಿ ಹಣ್ಣಾದ ಟೊಮೆಟೊ ಸಾಕು: ಚಾಕುವನ್ನು ಅದರ ಮೇಲೆ ಸುಮ್ಮನೆ ಇಟ್ಟು, ತನ್ನ ಭಾರದಿಂದಲೇ ಎಳೆದಾಗ ಸಿಪ್ಪೆ ತಗ್ಗದೆ ತೆರೆದುಕೊಳ್ಳಬೇಕು. ಕೊತ್ತಂಬರಿ ಇನ್ನೂ ಒಳ್ಳೆಯ ಸಾಕ್ಷಿ. ಹೆಚ್ಚಿ ಅರ್ಧ ಗಂಟೆ ಬಿಟ್ಟ ಸೊಪ್ಪಿನ ಅಂಚು ಕಪ್ಪಗಾಗಿ ಮಣೆಯ ಮೇಲೆ ಹಸಿರು ನೀರು ಉಳಿದಿದ್ದರೆ ಚಾಕು ಕತ್ತರಿಸಿಲ್ಲ, ಜಜ್ಜಿದೆ.

ಕೋನ ಎಷ್ಟಿರಬೇಕು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಜರ್ಮನ್ ಮಾದರಿಯ ಆರರಲ್ಲಿ ತರಕಾರಿಯ ನಾಲ್ಕಕ್ಕೆ ಒಂದೊಂದು ಮಗ್ಗುಲಿಗೆ 17 ಡಿಗ್ರಿ, ಕುಂಬಳ, ಗಡ್ಡೆ ಒಡೆಯುವ ಎರಡಕ್ಕೆ 20 ಡಿಗ್ರಿ ಇಡಿ. ಅಂಗಡಿಯ ಮಾಮೂಲಿ ಚಾಕುಗಳ ಉಕ್ಕು ಮೆದುವಾಗಿರುವುದರಿಂದ ಅವಕ್ಕೂ 20 ಇರಲಿ. ಅದಕ್ಕಿಂತ ತೆಳುವಾದ ಬಾಯಿಯನ್ನು ಅವು ತಾಳಲಾರವು. ಗರಗಸದ ಹಲ್ಲಿನ ಬ್ರೆಡ್ ಚಾಕುಗಳಿದ್ದರೆ ಅವನ್ನು ಇದಕ್ಕೆ ಹಾಕಬೇಡಿ.

ಜಪಾನಿ ಚಾಕುವಿನ ಮೇಲೆ ಉಕ್ಕಿನ ಹೆಸರೇನಾದರೂ ಬರೆದಿದೆಯೇ ನೋಡಿ. ವಿಜಿ-10 ಎಂದಿದ್ದರೆ ಅದರ ಗಡಸುತನ ಸುಮಾರು 60 ಅಥವಾ 61. ಗಾಜಿನ ಗುಣ ಸ್ವಲ್ಪ ಸೇರಿದಂತೆ ಎಂದುಕೊಳ್ಳಿ. ಸ್ಲಾಟಿನ ಬಿಲ್ಲೆಯಲ್ಲಾಗಲಿ ಒರಟು ಬೆಲ್ಟಿನಲ್ಲಾಗಲಿ ಇಂಥ ಬಾಯಿ ಸಣ್ಣಸಣ್ಣ ಚಕ್ಕೆಗಳಾಗಿ ಒಡೆಯುತ್ತದೆ, ಉಕ್ಕಿನ ಸಲಾಕೆಯೂ ಇದಕ್ಕೆ ಸಲ್ಲದು. ಒಂದೇ ಮಗ್ಗುಲಿಗೆ ಇಳಿಜಾರಿರುವ ಚಾಕುವಾದರೆ ಎರಡೂ ಕಡೆ ತೇಯುವ ಯಂತ್ರ ಅದರ ರೂಪವನ್ನೇ ಕೆಡಿಸಿಬಿಡುತ್ತದೆ. 1000ದ ಒಂದು ನೀರಿನ ಸಾಣೆಕಲ್ಲನ್ನು ಕೊಂಡು, ಕಲ್ಲನ್ನು ನೆನೆಸಿ, ಕೈಯಲ್ಲಿಯೇ ಮಸೆಯಿರಿ. ಮಗ ಪ್ರೀತಿಯಿಂದ ಕೊಟ್ಟ ವಸ್ತು. ಅದಕ್ಕೆ ತಿಂಗಳಿಗೆ ಇಪ್ಪತ್ತು ನಿಮಿಷ ಕೊಡುವುದು ಹೆಚ್ಚಲ್ಲ.

ಈಳಿಗೆಮಣೆಯ ವಿಷಯದಲ್ಲಿಯೇ ಬೆಲ್ಟ್ ಯಂತ್ರ ಗೆಲ್ಲುತ್ತದೆ. ಉಳಿದವುಗಳಲ್ಲಿ ಅಲಗನ್ನು ಯಂತ್ರದ ಬಳಿಗೆ ಒಯ್ಯಬೇಕು, ಇದನ್ನು ಮಾತ್ರ ಕೈಯಲ್ಲಿ ಹಿಡಿದು ಅಲಗಿನ ಬಳಿಗೆ ತರಬಹುದು. ಕೋನದ ಆಸರೆಯನ್ನು ಬಿಚ್ಚಿ, ಮಣೆಯನ್ನು ಗಟ್ಟಿಯಾದ ಮೇಜಿಗೆ ಕ್ಲಾಂಪ್ ಹಾಕಿ ಬಿಗಿದು, ಈಗಾಗಲೇ ಇರುವ ಇಳಿಜಾರನ್ನೇ ಅನುಸರಿಸಿ ನಡುವಿನ ಬೆಲ್ಟಿನಿಂದ ಬುಡದಿಂದ ಮೇಲಕ್ಕೆ ಸಾಗಿರಿ. ಕಾಲಿನಿಂದ ಮೆಟ್ಟಿ ಹಿಡಿದು ಈ ಕೆಲಸವನ್ನು ಯಾರೂ ಮಾಡಕೂಡದು. ತುರಿಯುವ ಹಲ್ಲು ಮೇಲೆ ಇದ್ದರೆ ಅದಕ್ಕೆ ಬಟ್ಟೆ ಸುತ್ತಿ. ಬಹಳ ಈಳಿಗೆಗಳು ಹಳೆಯ ಕಾರ್ಬನ್ ಉಕ್ಕಿನವು. ನನ್ನ ತಾಯಿಯ ಚೂರಿಗೆ ಆದದ್ದು ಇವುಗಳಿಗೂ ಆಗಬಹುದಾದ್ದರಿಂದ ಬಣ್ಣದ ಮೇಲೆ ಕಣ್ಣಿಡಿ. ಕೆಲಸ ಮುಗಿದ ಮೇಲೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಹತ್ತುವುದಿಲ್ಲ.

ಮಗ ಅಮೆರಿಕದಿಂದ ತರುವ ಮಾತಿಗೆ ಬರುತ್ತೇನೆ. ಅಲ್ಲಿನ ಮನೆಗಳ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಲ್ಲಿಗೆಂದು ಮಾಡಿದ ಯಂತ್ರವನ್ನು ಬರೀ ಪ್ಲಗ್ ಬದಲಿಸಿ ಇಲ್ಲಿ ಹಾಕಿದರೆ ಮೊದಲ ನಿಮಿಷದಲ್ಲಿಯೇ ಮೋಟಾರು ಸುಡುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಹರ್ಟ್ಸ್ ಬದಲಾಗುವುದಿಲ್ಲ. ಇಂಡಕ್ಷನ್ ಮೋಟಾರಿನ ಯಂತ್ರ ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತದೆ, ಹೆಚ್ಚು ಕಾಯುತ್ತದೆ. ಯಂತ್ರದ ಅಡಿಯಲ್ಲಿರುವ ಫಲಕದ ಫೋಟೋ ತೆಗೆದು ಕಳಿಸಲು ಹೇಳಿ. ಅದರಲ್ಲಿ 220–240 ವೋಲ್ಟ್ ಎಂದೋ, ಅಡಾಪ್ಟರ್ ಇರುವುದಾದರೆ 100–240 ವೋಲ್ಟ್ ಎಂದೋ ಇದ್ದರೆ ಮಾತ್ರ ತರಲಿ. ಇಲ್ಲವಾದರೆ ಯಂತ್ರವನ್ನು ಇಲ್ಲಿಯೇ ಕೊಂಡು, ಬೆಲ್ಟುಗಳನ್ನು ಮಾತ್ರ ಅವರಿಂದ ತರಿಸಿಕೊಳ್ಳಿ. ಹಗುರವಾದ ವಸ್ತು, ಮೇಲಾಗಿ ವರ್ಷಕ್ಕೆ ಬೇಕಾಗುವಷ್ಟು ಒಂದೇ ಸಲ ಬರುತ್ತದೆ.

ಇನ್ನೊಂದು ವಿಷಯವನ್ನು ಯಂತ್ರ ಮಾರುವವರು ಹೇಳುವುದಿಲ್ಲ. ಚಾಕು ಬಾಯಿಯ ಹತ್ತಿರ ತೆಳು, ಬೆನ್ನಿನ ಕಡೆಗೆ ದಪ್ಪ. ಬೆನ್ನಿನಲ್ಲಿ 2 ಮಿಲಿಮೀಟರ್, ಬಾಯಿಯ ಹಿಂದೆ 0.3 ಮಿಲಿಮೀಟರ್ ದಪ್ಪವಿರುವ, 45 ಮಿಲಿಮೀಟರ್ ಅಗಲದ ಅಲಗು ವರ್ಷಗಳ ಸಾಣೆಯಲ್ಲಿ 5 ಮಿಲಿಮೀಟರ್ ಸವೆದರೆ, ಹೊಸ ಬಾಯಿಯ ಹಿಂದಿನ ದಪ್ಪ ಸುಮಾರು 0.5 ಮಿಲಿಮೀಟರ್ ಆಗುತ್ತದೆ. ಆಗ ಬಾಯಿ ಎಷ್ಟೇ ಹರಿತವಾಗಿದ್ದರೂ ಕ್ಯಾರೆಟ್ಟಿನೊಳಗೆ ಅರ್ಧಕ್ಕೆ ಹೋದ ಚಾಕು ಬೆಣೆಯಂತೆ ಸಿಕ್ಕಿಕೊಂಡು, ಟಪ್ಪೆಂದು ಸದ್ದು ಮಾಡಿ ಅದನ್ನು ಸೀಳುತ್ತದೆ. ಆ ಸದ್ದು ಕೇಳಿದ ಚಾಕುವಿಗೆ ಬಾಯಿಯನ್ನಲ್ಲ, ಬಾಯಿಯ ಹಿಂದಿನ ಮೈಯನ್ನು ತೇದು ತೆಳು ಮಾಡಿಸಬೇಕು. ಸ್ಲಾಟಿನ ಯಂತ್ರಕ್ಕೆ ಈ ಕೆಲಸ ಬಾರದು. ಬೆಲ್ಟಿನಲ್ಲಿ ಅಲಗನ್ನು ಬಹುತೇಕ ಮಲಗಿಸಿ ಹಿಡಿದು ಮಾಡಬಹುದು, ಆದರೆ ಆರು ತಿಂಗಳ ಅಭ್ಯಾಸವಾಗುವವರೆಗೆ ಅದಕ್ಕೆ ಕೈ ಹಾಕಬೇಡಿ.

ಯಂತ್ರ ಮನೆಗೆ ಬಂದ ದಿನ ಅಂಗಡಿಯ ಮೂರು ಚಾಕುಗಳಲ್ಲಿ ತೀರ ಹಳೆಯದನ್ನು ತೆಗೆದುಕೊಳ್ಳಿ. ಅದರ ಬಾಯಿಯ ಎರಡೂ ಇಳಿಜಾರಿಗೆ ಕಪ್ಪು ಮಾರ್ಕರ್ ಪೆನ್ನಿನಿಂದ ಮಸಿ ಬಳಿದು, ನಡುವಿನ ಬೆಲ್ಟಿನಲ್ಲಿ ಒಂದೊಂದು ಮಗ್ಗುಲಿಗೆ ಒಂದೇ ಸಲ ಎಳೆದು ನೋಡಿ. ಮಸಿ ಬಾಯಿಯ ತುತ್ತತುದಿಯವರೆಗೆ ಅಳಿಸಿದ್ದರೆ ಕೋನ ಸರಿಯಿದೆ. ಮೇಲೆ ಮಾತ್ರ ಅಳಿಸಿ ತುದಿಯಲ್ಲಿ ಕಪ್ಪು ಗೆರೆ ಉಳಿದಿದ್ದರೆ ಕೋನವನ್ನು ಎರಡು ಡಿಗ್ರಿ ಹೆಚ್ಚಿಸಿ, ಮತ್ತೆ ಮಸಿ ಬಳಿದು ಎಳೆಯಿರಿ. ಆ ಒಂದು ಚಾಕುವಿನಲ್ಲಿ ತೊಡರು ಹಿಡಿಯಿಂದ ಮೊನೆಯವರೆಗೆ ಒಂದೇ ಸಮನಾಗಿ ಬೆರಳಿಗೆ ಸಿಕ್ಕ ಮೇಲೆ ಎರಡನೆಯದನ್ನು ಕೈಗೆ ತೆಗೆದುಕೊಳ್ಳಿ.